ಆಟದ ಮಣೆಯಿಂದ ಎದ್ದು ಬಂದ ಮಾತುಗಳು



"ಗ್ಯಾಸ್ ಆಫ್ ಆಗಿದೆಯಾ, ಸ್ವಲ್ಪ ಚೆಕ್ ಮಾಡು." "ದೊಡ್ಡ ಮಗನನ್ನು ಬೋರ್ಡಿಂಗಿಗೆ ಹಾಕಿದ್ದೇವೆ." "ಅವನಿಗೆ ಆಫೀಸಿನಲ್ಲಿ ಪ್ಯೂನ್ ಕೆಲಸ ಸಿಕ್ಕಿತಂತೆ." "ಅವರಿಗೇನು, ಜಾಕ್‌ಪಾಟ್ ಹೊಡೆದಿದೆ!" ಈ ನಾಲ್ಕು ಮಾತುಗಳಲ್ಲಿ ಒಂದನ್ನಾದರೂ ಈ ವಾರ ನೀವು ಆಡಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ನಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವ ತಾಯಂದಿರ ನಾಲಿಗೆಯ ಮೇಲೂ ಈ ಪದಗಳು ಸಲೀಸಾಗಿ ಓಡಾಡುತ್ತವೆ. ಆದರೆ ಇವು ನಾಲ್ಕಕ್ಕೂ ಆಟದ ಮಣೆಗೂ ಒಂದಲ್ಲ ಒಂದು ನಂಟಿದೆ ಎಂಬುದು ನಿಮಗೆ ಗೊತ್ತೇ?

ಈ ತಿಂಗಳು ನಾವು ಪರಿಚಯ ಮಾಡಿಕೊಳ್ಳುವುದು ಅಂತಹ ಪದಗಳನ್ನೇ. ಚದುರಂಗ, ಲೂಡೋ, ಹಾವು ಏಣಿ, ಇಸ್ಪೀಟು, ದಾಳ ಹೀಗೆ ಆಟಗಳ ನಡುವಿನಿಂದ ಎದ್ದು ಬಂದು ದಿನಬಳಕೆಯ ಇಂಗ್ಲಿಷಿನಲ್ಲಿ ನೆಲೆಯೂರಿದ ಮಾತುಗಳು ಇವು. ಇವುಗಳಲ್ಲಿ ಎರಡು ಬಗೆ ಇದೆ. ಕೆಲವು ಆಟದಿಂದ ಬಂದವು, ಕೆಲವು ಜೂಜಿನಿಂದ ಬಂದವು. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿತರೆ ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಓದಲು ತಾಯಂದಿರಿಗೆ ಸುಲಭವಾಗುತ್ತದೆ. ಹಾಗಾಗಿ ಇದನ್ನು ಬರೀ ಮೋಜಿನ ಮಾಹಿತಿ ಎಂದುಕೊಳ್ಳದೆ ಕೊನೆಯವರೆಗೆ ಓದಿ.

ಬೋರ್ಡ್ ಎಂದರೆ ಊಟದ ಮೇಜು

ಮೊದಲು 'ಬೋರ್ಡ್' ಎಂಬ ಪದವನ್ನೇ ತೆಗೆದುಕೊಳ್ಳೋಣ. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ಮರದ ಹಲಗೆ. ಆ ಹಲಗೆಯ ಮೇಲೆ ಊಟ ಬಡಿಸುತ್ತಿದ್ದುದರಿಂದ ಅದು ಊಟದ ಮೇಜಾಯಿತು. ಮುಂದೆ ಊಟಕ್ಕೇ 'ಬೋರ್ಡ್' ಎಂಬ ಹೆಸರು ಬಂತು. ಊಟ ಕೊಟ್ಟು ಇರಿಸಿಕೊಳ್ಳುವ ಶಾಲೆ 'ಬೋರ್ಡಿಂಗ್' ಶಾಲೆ. ಮೇಜಿನ ಸುತ್ತ ಕುಳಿತು ತೀರ್ಮಾನ ಮಾಡುವವರ ಗುಂಪೂ 'ಬೋರ್ಡ್'. ವಕ್ಫ್ ಬೋರ್ಡ್, ಪರೀಕ್ಷಾ ಬೋರ್ಡ್ ಎಂದು ನಾವು ಹೇಳುವಾಗ ಒಂದು ಕಾಲದ ಆ ಮರದ ಹಲಗೆಯನ್ನೇ ನೆನೆಯುತ್ತಿರುತ್ತೇವೆ.

ವ್ಯವಹಾರದಲ್ಲಿ ಮುಚ್ಚುಮರೆ ಇಲ್ಲದವರನ್ನು ಇಂಗ್ಲಿಷಿನಲ್ಲಿ 'ಅಬೋವ್ ಬೋರ್ಡ್' ಎನ್ನುತ್ತಾರೆ. ಇಸ್ಪೀಟು ಆಡುವಾಗ ಕೈಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡವನು ಎಲೆ ಬದಲಾಯಿಸಿ ಮೋಸ ಮಾಡಲಾರ ಎಂಬುದು ಇದರ ಹಿನ್ನೆಲೆ. ಕೈ ಮೇಜಿನ ಕೆಳಗೆ ಹೋಯಿತೆಂದರೆ ಸಂಶಯ. 'ಅಂಡರ್ ದಿ ಟೇಬಲ್' ಎಂಬ ಮಾತು ಲಂಚಕ್ಕೆ ಹೆಸರಾಗಿರುವುದು ನಿಮಗೆ ಗೊತ್ತೇ ಇದೆ.

ನಮ್ಮಲ್ಲಿ ಬೋರ್ಡಿಗೆ 'ಮಣೆ' ಎಂಬ ಚೆಂದದ ಪದವಿದೆ. ಕರಾವಳಿಯವರಿಗೆ ಚೆನ್ನೆಮಣೆ, ಘಟ್ಟದ ಮೇಲಿನವರಿಗೆ ಅಳಗುಳಿಮಣೆ. ಏಳೇಳರಂತೆ ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿಗಳು, ಅವುಗಳಲ್ಲಿ ಹರಳು ಅಥವಾ ಕಾಳು. ಒಂದು ಗುಳಿಯಿಂದ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಈ ಆಟ ಬೇರೆ ಬೇರೆ ರೂಪದಲ್ಲಿ ಆಫ್ರಿಕಾದಲ್ಲಿದೆ, ಅರಬ್ ನಾಡುಗಳಲ್ಲಿದೆ, ಶ್ರೀಲಂಕಾದಲ್ಲಿಯೂ ಇದೆ. ಈ ಆಟಗಳ ಇಡೀ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು 'ಮಂಕಾಲ'. ಅದು ಅರಬಿ ಪದ. 'ನಕಲ' ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸು ಎಂದರ್ಥ. ಉರ್ದು ಬಲ್ಲವರಿಗೆ ಪರಿಚಿತವಾದ 'ನಕಲ್', 'ಮುಂತಕಿಲ್' ಎಂಬ ಪದಗಳೂ ಇದೇ ಧಾತುವಿನವು. ಅಜ್ಜಿಯ ಚೆನ್ನೆಮಣೆಗೆ ಇಂಗ್ಲಿಷ್ ಪುಸ್ತಕದಲ್ಲಿ ಅರಬಿ ಹೆಸರು ಸಿಕ್ಕಿದ್ದು ಹೀಗೆ.

ಶಾಹ್ ಎಂಬ ಅರಸ, ಚೆಕ್ ಎಂಬ ಹಾಳೆ

ಈಗ ಚದುರಂಗಕ್ಕೆ ಬರೋಣ. ಸುಮಾರು ಆರನೇ ಶತಮಾನದ ಹೊತ್ತಿಗೆ ಭಾರತದಲ್ಲಿ 'ಚತುರಂಗ' ಎಂಬ ಆಟವಿತ್ತು. ಆನೆ, ಕುದುರೆ, ರಥ, ಪದಾತಿ ಎಂಬ ಸೈನ್ಯದ ನಾಲ್ಕು ಅಂಗಗಳು ಅದರ ಕಾಯಿಗಳು. ಆಟ ಇಲ್ಲಿಂದ ಪರ್ಷಿಯಾಕ್ಕೆ ಹೋಗಿ 'ಚತ್ರಂಗ್' ಆಯಿತು. ಏಳನೇ ಶತಮಾನದಲ್ಲಿ ಪರ್ಷಿಯಾ ಮುಸ್ಲಿಮರ ಆಡಳಿತಕ್ಕೆ ಬಂದಾಗ ಅರಬರು ಅದನ್ನು ಕಲಿತರು. ಅರಬಿ ಅಕ್ಷರಮಾಲೆಯಲ್ಲಿ 'ಚ' ಇಲ್ಲ, 'ಗ' ಕೂಡ ಇಲ್ಲ. ಹಾಗಾಗಿ ಚತ್ರಂಗ್ ಎಂಬುದು 'ಶತ್ರಂಜ್' ಆಯಿತು. ಬಗ್ದಾದಿನ ಅಬ್ಬಾಸಿ ಖಲೀಫರ ಕಾಲದಲ್ಲಿ ಅಲ್ ಅದ್ಲಿ, ಅಸ್ಸೂಲಿ ಮೊದಲಾದವರು ಈ ಆಟದ ಬಗ್ಗೆ ಗ್ರಂಥಗಳನ್ನೇ ಬರೆದರು. ಮುಂದೆ ಆಟ ಅಂದಲೂಸ್, ಸಿಸಿಲಿಗಳ ದಾರಿಯಾಗಿ ಯುರೋಪಿಗೆ ಹೋಯಿತು. ಹೋಗುವಾಗ ತನ್ನ ಮಾತುಗಳನ್ನೂ ಜೊತೆಗೇ ಕೊಂಡೊಯ್ದಿತು.

ಪರ್ಷಿಯನ್ ಭಾಷೆಯಲ್ಲಿ ಅರಸ ಎಂದರೆ 'ಶಾಹ್'. ಅರಸನಿಗೆ ಅಪಾಯ ಬಂದಾಗ ಎದುರಾಳಿಯನ್ನು ಎಚ್ಚರಿಸಲು "ಶಾಹ್!" ಎನ್ನುತ್ತಿದ್ದರು. ಈ ಪದವೇ ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿನ 'ಚೆಕ್' ಆಯಿತು. 'ಶಾಹ್ ಮಾತ್' ಎಂಬುದು 'ಚೆಕ್‌ಮೇಟ್' ಆಯಿತು. ಅರಬಿಯಲ್ಲಿ 'ಮಾತ' ಎಂದರೆ ಸತ್ತನು. ಪರ್ಷಿಯನ್ನಿನಲ್ಲಿ 'ಮಾತ್' ಎಂದರೆ ದಿಕ್ಕು ತೋಚದವನು, ಸೋತು ನಿಂತವನು. ಅರಸ ಸತ್ತ ಎನ್ನುವುದಕ್ಕಿಂತ ಅರಸ ಕಂಗೆಟ್ಟು ನಿಂತ ಎನ್ನುವುದೇ ಸರಿಯಾದ ಅರ್ಥ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಆಟದಲ್ಲಿ ಅರಸನನ್ನು ಹೊಡೆದು ಹೊರಗೆ ಹಾಕುವುದಿಲ್ಲವಲ್ಲ!

ಅರಸನ ಕಡೆ ಗಮನವಿಡು ಎಂಬ ಎಚ್ಚರಿಕೆಯ ಮಾತು ಮುಂದೆ ತಡೆ, ಪರಿಶೀಲನೆ ಎಂಬ ಅರ್ಥ ಪಡೆಯಿತು. ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವುದು, ರಸ್ತೆಯ ಚೆಕ್‌ಪೋಸ್ಟ್, ಆಸ್ಪತ್ರೆಯ ಚೆಕಪ್ ಎಲ್ಲವೂ ಶಾಹನ ಮಕ್ಕಳೇ. ಚದುರಂಗದ ಮಣೆಯಂತೆ ಚೌಕಚೌಕವಾಗಿ ನೇಯ್ದ ಬಟ್ಟೆಗೂ ಚೆಕ್ಸ್ ಎಂಬ ಹೆಸರು ಬಂತು.

ಬ್ಯಾಂಕಿನ ಚೆಕ್ ಕೂಡ ಹೀಗೆಯೇ ಬಂದದ್ದು, ಸ್ವಲ್ಪ ಸುತ್ತು ದಾರಿಯಲ್ಲಿ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ಅರಸನ ಖಜಾನೆಯ ಲೆಕ್ಕವನ್ನು ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಮಾಡುತ್ತಿದ್ದರು. ಅದರ ಮೇಲೆ ಗೆರೆಗಳಿದ್ದ ಕಪ್ಪು ಬಟ್ಟೆ ಹಾಸಿ, ಮನೆಗಳ ಮೇಲೆ ಬಿಲ್ಲೆಗಳನ್ನಿಟ್ಟು, ಸರಿಸಿ ಕೂಡುವುದು, ಕಳೆಯುವುದು. ನೋಡುವುದಕ್ಕೆ ಅದು ಚದುರಂಗದ ಮಣೆಯಂತೆಯೇ ಇತ್ತು. ಹಾಗಾಗಿ ಖಜಾನೆಗೆ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇಂದಿಗೂ 'ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್' ಎನ್ನುತ್ತಾರೆ. ಮೋಸವಾಗದಂತೆ ಪರಿಶೀಲಿಸಲು ಹಣದ ಚೀಟಿಯ ಒಂದು ಭಾಗವನ್ನು ಕಾದಿರಿಸುವ ಪದ್ಧತಿಯಿಂದ ಬ್ಯಾಂಕಿನ 'ಚೆಕ್' ಬಂತು. ಅದರ ಬ್ರಿಟಿಷ್ ಕಾಗುಣಿತದ ಮೇಲೆ ಈ ಎಕ್ಸ್‌ಚೆಕರಿನ ಪ್ರಭಾವವಿದೆ. ನೀವು ಸಹಿ ಹಾಕುವ ಚೆಕ್ಕಿನಲ್ಲಿ ಪರ್ಷಿಯಾದ ಅರಸನೊಬ್ಬ ಕುಳಿತಿದ್ದಾನೆ ಎಂದರೆ ತಪ್ಪಾಗಲಾರದು.

ಉಳಿದ ಕಾಯಿಗಳ ಕಥೆಯೂ ಸ್ವಾರಸ್ಯವಾಗಿದೆ. ಮೂಲೆಯ ಕಾಯಿ ಇಂಗ್ಲಿಷಿನಲ್ಲಿ 'ರೂಕ್', ಅದು ಪರ್ಷಿಯನ್ನಿನ 'ರುಖ್'. ನಾವು ಒಂಟೆ ಎನ್ನುವ ಕಾಯಿ ಅರಬರಲ್ಲಿ 'ಅಲ್ ಫೀಲ್', ಅಂದರೆ ಆನೆ. ಅಸ್‌ಹಾಬುಲ್ ಫೀಲ್ ಎಂಬ ಆನೆಯ ಸೈನ್ಯದ ಕಥೆ ನಮಗೆಲ್ಲ ಗೊತ್ತು. ಸ್ಪೇನಿನಲ್ಲಿ ಆ ಕಾಯಿಗೆ ಇಂದಿಗೂ 'ಅಲ್ಫಿಲ್' ಎಂಬ ಹೆಸರೇ ಇದೆ. ಇಂಗ್ಲಿಷರ ಕಣ್ಣಿಗೆ ಅದರ ಸೀಳಿದ ತುದಿ ಪಾದ್ರಿಯ ಟೋಪಿಯಂತೆ ಕಂಡದ್ದರಿಂದ ಅದು ಬಿಷಪ್ ಆಯಿತು ಎಂದು ವಿವರಿಸುತ್ತಾರೆ. ಸಣ್ಣ ಕಾಯಿ 'ಪಾನ್' ಎಂದರೆ ಕಾಲಾಳು. ಅದೇ ಲ್ಯಾಟಿನ್ ಮೂಲದಿಂದ ಪೋರ್ಚುಗೀಸರ ಮೂಲಕ ನಮ್ಮ ಕಚೇರಿಗಳಿಗೆ ಬಂದ ಪದ 'ಪ್ಯೂನ್'. ಚದುರಂಗದ ಕಾಲಾಳೂ ಕಚೇರಿಯ ಪ್ಯೂನನೂ ಪದಗಳ ಲೆಕ್ಕದಲ್ಲಿ ಅಣ್ಣ ತಮ್ಮಂದಿರು. ಇನ್ನು ಅರಸನ ಪಕ್ಕದ ವಜೀರ ಯುರೋಪಿಗೆ ಹೋದ ಮೇಲೆ ರಾಣಿಯಾದ. ಮೊದಲು ಒಂದೇ ಮನೆ ಓರೆಯಾಗಿ ನಡೆಯುತ್ತಿದ್ದ ಆ ಕಾಯಿಗೆ 15ನೇ ಶತಮಾನದ ಕೊನೆಯಲ್ಲಿ ಎಲ್ಲ ದಿಕ್ಕಿಗೂ ಓಡುವ ಶಕ್ತಿ ಬಂತು.

ಹಾವು, ಏಣಿ ಮತ್ತು ಮೊದಲ ಮನೆ

'ಲೂಡೋ' ಎಂಬುದು ಲ್ಯಾಟಿನ್ ಪದ. "ನಾನು ಆಡುತ್ತೇನೆ" ಎಂಬುದು ಅದರ ಅರ್ಥ. 1896ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟಕ್ಕೆ ಪೇಟೆಂಟ್ ಪಡೆದರು. ಆದರೆ ಆಟ ಅವರದ್ದಲ್ಲ, ನಮ್ಮ ಪಚೀಸಿಯದ್ದು. ಕವಡೆ ಎಸೆದಾಗ ಬೀಳುವ ದೊಡ್ಡ ಗರ ಇಪ್ಪತ್ತೈದು. ಆದ್ದರಿಂದ ಅದಕ್ಕೆ ಪಚೀಸಿ ಎಂಬ ಹೆಸರು. ಫತೇಪುರ್ ಸಿಕ್ರಿಗೆ ಹೋದವರು ಅರಮನೆಯ ಅಂಗಳದ ನೆಲದಲ್ಲೇ ಬಿಡಿಸಿದ ದೊಡ್ಡ ಪಚೀಸಿಯ ಮಣೆಯನ್ನು ನೋಡಿರಬಹುದು.

ಹಾವು ಏಣಿಯೂ ಇಲ್ಲಿನದ್ದೇ. ಅದು ಆಟಕ್ಕಿಂತ ಹೆಚ್ಚಾಗಿ ಪಾಠವಾಗಿತ್ತು. ಏಣಿಗಳೆಂದರೆ ಸದ್ಗುಣಗಳು, ಹಾವುಗಳೆಂದರೆ ದುರ್ಗುಣಗಳು. ದಾನ, ನಂಬಿಕೆಗಳು ಮೇಲೇರಿಸುತ್ತವೆ. ಅಹಂಕಾರ, ಸುಳ್ಳು, ಕಳ್ಳತನಗಳು ಕೆಳಗೆ ಬೀಳಿಸುತ್ತವೆ. ಹಿಂದೂ, ಜೈನ ಮಣೆಗಳಿದ್ದಂತೆ ಸೂಫಿ ವಿಚಾರಗಳನ್ನು ಬರೆದ ಮುಸ್ಲಿಮ್ ಮಣೆಗಳೂ ಇದ್ದವು. 19ನೇ ಶತಮಾನದ ಕೊನೆಯಲ್ಲಿ ಆಟ ಇಂಗ್ಲೆಂಡಿಗೆ ಹೋಯಿತು. ಕ್ರಮೇಣ ಮನೆಗಳಲ್ಲಿ ಬರೆದಿದ್ದ ಗುಣಗಳ ಹೆಸರುಗಳು ಅಳಿಸಿಹೋಗಿ ಬರೀ ಹಾವು ಮತ್ತು ಏಣಿ ಉಳಿದವು.

ಮಾಡಿದ ಕೆಲಸವೆಲ್ಲ ವ್ಯರ್ಥವಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾದಾಗ ಇಂಗ್ಲಿಷಿನಲ್ಲಿ 'ಬ್ಯಾಕ್ ಟು ಸ್ಕ್ವೇರ್ ಒನ್' ಎನ್ನುತ್ತಾರೆ. ಮೊದಲ ಮನೆಗೆ ಮರಳುವುದು ಎಂದರ್ಥ. ರೇಡಿಯೊದಲ್ಲಿ ಫುಟ್ಬಾಲ್ ಪಂದ್ಯ ವಿವರಿಸಲು ಮೈದಾನವನ್ನು ಚೌಕಗಳಾಗಿ ಗುರುತಿಸುತ್ತಿದ್ದುದರಿಂದ ಈ ಮಾತು ಬಂತು ಎಂಬ ಕಥೆಯೊಂದಿದೆ. ಆದರೆ 1952ರಷ್ಟು ಹಿಂದಿನ ಒಂದು ಬರಹದಲ್ಲಿ ಈ ಮಾತು ಹಾವು ಏಣಿಯ ಹೆಸರಿನ ಜೊತೆಗೇ ಬರುವುದರಿಂದ, ಹಾವು ಏಣಿಯ ನಂಟೇ ಹೆಚ್ಚು ಸಹಜವಾಗಿ ಕಾಣುತ್ತದೆ.

ಒಬ್ಬ ಹೆಣ್ಣುಮಗಳ ಆಟ

ನಮ್ಮ ಅಂಗಡಿಗಳಲ್ಲಿ 'ಬ್ಯುಸಿನೆಸ್', 'ವ್ಯಾಪಾರಿ' ಎಂಬ ಹೆಸರುಗಳಲ್ಲಿ ಸಿಗುವ ಆಟದ ಮೂಲ ಅಮೆರಿಕದ 'ಮೊನೊಪೊಲಿ'. ಒಬ್ಬನೇ ಮಾರುವುದು, ಅಂದರೆ ಏಕಸ್ವಾಮ್ಯ ಎಂದು ಆ ಗ್ರೀಕ್ ಮೂಲದ ಪದದ ಅರ್ಥ. ಇದರ ಹಿಂದೆ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆಯಿದ್ದಾರೆ. ಜಮೀನನ್ನೆಲ್ಲ ಕೆಲವರೇ ಕೈವಶ ಮಾಡಿಕೊಂಡು ಬಾಡಿಗೆ ತಿನ್ನುತ್ತಾ ಹೋದರೆ ಉಳಿದವರೆಲ್ಲ ಹೇಗೆ ದಿವಾಳಿಯಾಗುತ್ತಾರೆ ಎಂದು ತೋರಿಸಲು ಆಕೆ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟ ರಚಿಸಿ 1904ರಲ್ಲಿ ಪೇಟೆಂಟ್ ಪಡೆದರು. ಆಟಕ್ಕೆ ಅವರು ಎರಡು ಬಗೆಯ ನಿಯಮ ಕೊಟ್ಟಿದ್ದರು. ಒಂದರಲ್ಲಿ ಸಂಪತ್ತು ಬೆಳೆದಾಗ ಎಲ್ಲರಿಗೂ ಪಾಲು. ಇನ್ನೊಂದರಲ್ಲಿ ಒಬ್ಬನೇ ಎಲ್ಲವನ್ನೂ ನುಂಗುವುದು.

ಮುಂದೆ ಚಾರ್ಲ್ಸ್ ಡಾರೋ ಎಂಬವರು ಇದರ ಒಂದು ರೂಪವನ್ನು ತಮ್ಮದೆಂದು ಮಾರಿದರು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿ ಅದನ್ನು ಮೊನೊಪೊಲಿ ಎಂದು ಪೇಟೆಗೆ ತಂದಿತು. ಡಾರೋ ಲಕ್ಷಾಧೀಶರಾದರು. ಮ್ಯಾಗಿಯವರಿಗೆ ತಮ್ಮ ಪೇಟೆಂಟಿಗೆ ಸಿಕ್ಕಿದ್ದು 500 ಡಾಲರ್. ಉಳಿದದ್ದು ಒಬ್ಬನೇ ನುಂಗುವ ನಿಯಮ ಮಾತ್ರ. ಬೆಲೆ ಏರಲೆಂದು ಸರಕು ಕೂಡಿಡುವುದನ್ನು, ಅಂದರೆ ಇಹ್ತಿಕಾರನ್ನು ಪ್ರವಾದಿ(ಸ) ಪಾಪವೆಂದು ಕರೆದಿರುವುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆಟ ಮುಗಿದ ಮೇಲೆ, "ಗೆದ್ದವನೊಬ್ಬ ಬಿಟ್ಟರೆ ಉಳಿದವರ ಗತಿ ಏನಾಯಿತು?" ಎಂದು ಮಕ್ಕಳನ್ನು ಕೇಳಿ ನೋಡಿ.

ಈ ಆಟದಿಂದ ಇಂಗ್ಲಿಷಿಗೆ 'ಮೊನೊಪೊಲಿ ಮನಿ' ಎಂಬ ಮಾತು ಬಂದಿದೆ. ಕೈಯಲ್ಲಿದ್ದರೂ ಹಣ ಎನಿಸದ ಹಣ, ಖರ್ಚಾದರೂ ನೋವಾಗದ ಹಣ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದಾಳದಿಂದ ಬಂದ ಅಪಾಯ

ಇಲ್ಲಿಯವರೆಗೆ ನೋಡಿದ್ದು ಹೆಚ್ಚಾಗಿ ಆಟದ ಮಾತುಗಳು. ಪರಿಶೀಲನೆ, ಲೆಕ್ಕ, ಖಜಾನೆ, ಮೊದಲಿನಿಂದ ಆರಂಭ ಹೀಗೆ ಅವುಗಳ ಅರ್ಥಗಳು ಬದುಕಿಗೆ ಉಪಯೋಗವಾಗುವಂಥವು. ಇನ್ನು ಜೂಜಿನ ಮಾತುಗಳನ್ನು ನೋಡೋಣ.

ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಾಗ ಮಿಣುಕುವ ದೀಪ 'ಹಜಾರ್ಡ್ ಲೈಟ್'. ಆಸಿಡ್ ಸಾಗಿಸುವ ಟ್ಯಾಂಕರಿನ ಮೇಲೆ, ಆಸ್ಪತ್ರೆಯ ತ್ಯಾಜ್ಯದ ಡಬ್ಬದ ಮೇಲೆ 'ಹಜಾರ್ಡ್' ಎಂದು ಬರೆದಿರುತ್ತದೆ. ಹಜಾರ್ಡ್ ಎಂದರೆ ಅಪಾಯ. ಆದರೆ ಮೊದಲು ಅದು ಒಂದು ದಾಳದ ಆಟದ ಹೆಸರು. ಅರಬಿಯ 'ಅಝ್ಝಹ್ರ್', ಅಂದರೆ ದಾಳ, ಎಂಬ ಪದದಿಂದ ಅದು ಬಂದಿರಬೇಕೆಂದು ಹಲವು ಪದಕೋಶಗಳು ಹೇಳುತ್ತವೆ. ಮಧ್ಯಯುಗದ ಯುರೋಪಿನಲ್ಲಿ ಹಣವಿಟ್ಟು ಈ ಆಟ ಆಡಿ ಮನೆಮಠ ಕಳೆದುಕೊಂಡವರು ಎಷ್ಟೋ! ಕಾಲ ಸರಿದಂತೆ ಆಟದ ಹೆಸರೇ 'ಅಪಾಯ' ಎಂಬ ಅರ್ಥ ಪಡೆಯಿತು. ಯಾವ ಧರ್ಮಗುರುವೂ ಕುಳಿತು ಈ ಅರ್ಥ ಬರೆದದ್ದಲ್ಲ. ಆಡಿದವರ ಅನುಭವವೇ ಬರೆಯಿತು.

ಎಲ್ಲ ಗೊಂದಲಮಯವಾದಾಗ ಇಂಗ್ಲಿಷಿನಲ್ಲಿ 'ಅಟ್ ಸಿಕ್ಸಸ್ ಅಂಡ್ ಸೆವೆನ್ಸ್' ಎನ್ನುತ್ತಾರೆ. ಇದೂ ದಾಳದ ಆಟದಿಂದಲೇ ಬಂದಿರಬೇಕು. ಇದ್ದದ್ದನ್ನೆಲ್ಲ ದೊಡ್ಡ ಗರದ ಮೇಲೆ ಪಣವಾಗಿಟ್ಟವನ ತಲೆ ಕೆಟ್ಟಿರಬೇಕು ಎಂಬ ಭಾವನೆಯಿಂದ ಗೊಂದಲ ಎಂಬ ಅರ್ಥ ಬಂತು.

ಜೂಜಿಗೆ ಕುರ್‌ಆನ್ ಬಳಸಿದ ಪದ 'ಮೈಸಿರ್'. ಇದರ ಮೂಲ 'ಯುಸ್ರ್', ಅಂದರೆ ಸುಲಭ ಎಂಬುದು ಹಲವು ವ್ಯಾಖ್ಯಾನಕಾರರ ವಿವರಣೆ. ದುಡಿಯದೆ ಸುಲಭವಾಗಿ ಸಿಗುವ ಹಣ. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನು ಎತ್ತಿ ಅದರ ಪಾಲನ್ನು ನಿರ್ಧರಿಸುತ್ತಿದ್ದರು. ಪಾಲಿಲ್ಲದ ಬಾಣ ಬಂದವರು ಒಂಟೆಯ ಬೆಲೆ ತೆರಬೇಕಿತ್ತು. ಸೂರಾ ಅಲ್ ಮಾಇದದ 90, 91ನೇ ಸೂಕ್ತಗಳು ಮದ್ಯದೊಂದಿಗೆ ಮೈಸಿರನ್ನೂ ನಿಷೇಧಿಸುತ್ತವೆ. ಅದಕ್ಕೆ ಕೊಟ್ಟ ಕಾರಣಗಳನ್ನು ಗಮನಿಸಿ. ಪರಸ್ಪರ ವೈರ ಮತ್ತು ದ್ವೇಷ ಹುಟ್ಟುತ್ತದೆ, ಅಲ್ಲಾಹನ ಸ್ಮರಣೆ ಮತ್ತು ನಮಾಝಿನಿಂದ ತಡೆಯಾಗುತ್ತದೆ. ಬಾ, ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ಅಷ್ಟಕ್ಕೇ ಸದಕಾ ಕೊಡಲಿ ಎಂದು ಪ್ರವಾದಿ(ಸ) ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆಡುವುದಿರಲಿ, ಕರೆಯುವುದಕ್ಕೇ ಪರಿಹಾರ ಬೇಕು!

"ಹಾಗಾದರೆ ಹಣವಿಲ್ಲದೆ ಆಡುವ ಲೂಡೋ, ಚೆಸ್?" ಎಂದು ನೀವು ಕೇಳಬಹುದು. 'ನರ್ದ್' ಎಂಬ ದಾಳದ ಆಟವನ್ನು ಖಂಡಿಸುವ ಹದೀಸ್ ಸಹೀಹ್ ಮುಸ್ಲಿಮಿನಲ್ಲಿದೆ. ಅದರ ಆಧಾರದಲ್ಲಿ ಹೆಚ್ಚಿನ ವಿದ್ವಾಂಸರು ಹಣವಿಲ್ಲದಿದ್ದರೂ ದಾಳದ ಆಟ ಸಲ್ಲದು ಎನ್ನುತ್ತಾರೆ. ಚದುರಂಗದಲ್ಲಿ ಭಿನ್ನಾಭಿಪ್ರಾಯವಿದೆ. ಪಣವಿಲ್ಲದ, ನಮಾಝನ್ನು ಮರೆಸದ ಚದುರಂಗವನ್ನು ಇಮಾಂ ಶಾಫಿಈ(ರ) ಮಕ್ರೂಹ್ ಎಂದರು. ಉಳಿದ ಮದ್‌ಹಬ್‌ಗಳ ನಿಲುವು ಇನ್ನೂ ಬಿಗಿಯಾಗಿದೆ. ನಿಮ್ಮ ಮನೆಯ ಮಟ್ಟಿಗೆ ಏನೆಂದು ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಹಣವನ್ನು ಪಣಕ್ಕಿಟ್ಟರೆ ಅದು ಹರಾಮ್ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮಡಕೆಯಲ್ಲಿರುವುದು ಯಾರ ಹಣ?

ಈಗ 'ಜಾಕ್‌ಪಾಟ್'. ಕೇಳಲು ಎಷ್ಟು ಸಿಹಿಯಾದ ಪದ! ಇದು ಪೋಕರ್ ಎಂಬ ಇಸ್ಪೀಟು ಜೂಜಿನಿಂದ ಬಂದದ್ದು. 'ಪಾಟ್' ಎಂದರೆ ಮಡಕೆ, ಎಲ್ಲರೂ ಪಣವಾಗಿ ಹಾಕಿದ ಹಣದ ರಾಶಿ. 'ಜಾಕ್' ಎಂದರೆ ಗುಲಾಮ. ಕನಿಷ್ಠ ಎರಡು ಗುಲಾಮರಾದರೂ ಕೈಯಲ್ಲಿ ಇದ್ದವನು ಮಾತ್ರ ಪಣದ ಆಟ ತೆರೆಯಬಹುದು ಎಂಬುದು ನಿಯಮ. ಯಾರಿಗೂ ಬಾರದಿದ್ದರೆ ಎಲ್ಲರೂ ಮತ್ತೆ ಹಣ ಹಾಕಿ, ಮತ್ತೆ ಎಲೆ ಹಂಚಬೇಕು. ಹೀಗೆ ಮಡಕೆ ತುಂಬುತ್ತಾ ಹೋಗುತ್ತದೆ. ಹಾಗಾದರೆ ಜಾಕ್‌ಪಾಟ್ ಎಂದರೇನು? ಆಕಾಶದಿಂದ ಬಿದ್ದ ಹಣವೇ? ಅಲ್ಲ, ಪಕ್ಕದಲ್ಲಿ ಕುಳಿತವರೆಲ್ಲ ಕಳೆದುಕೊಂಡ ಹಣ.

'ಪೂಲ್' ಎಂಬುದೂ ಹೀಗೆಯೇ. ಈಜುಕೊಳದ ಪೂಲ್ ಬೇರೆ, ಇದು ಬೇರೆ. ಫ್ರೆಂಚಿನಲ್ಲಿ ಕೋಳಿಗೆ 'ಪೂಲ್' ಎನ್ನುತ್ತಾರೆ. ಆ ಹೆಸರು ಜೂಜಿನಲ್ಲಿ ಎಲ್ಲರೂ ಸೇರಿ ಹಾಕಿದ ಪಣಕ್ಕೆ ಬಂತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಜವಾಬ್ದಾರಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು 'ಪಾಸ್ ದಿ ಬಕ್' ಎನ್ನುತ್ತಾರೆ. ಪೋಕರಿನಲ್ಲಿ ಎಲೆ ಹಂಚುವ ಸರದಿ ಯಾರದ್ದೆಂದು ತೋರಿಸಲು ಇಡುತ್ತಿದ್ದ ಗುರುತಿಗೆ 'ಬಕ್' ಎಂಬ ಹೆಸರಿತ್ತು. ತನಗೆ ಬೇಡವಾದಾಗ ಅದನ್ನು ಪಕ್ಕದವನಿಗೆ ದಾಟಿಸುತ್ತಿದ್ದರು.

'ಸ್ಟೇಕ್' ಎಂದರೆ ಪಣ. ಏನನ್ನಾದರೂ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದರೆ 'ಅಟ್ ಸ್ಟೇಕ್' ಎನ್ನುತ್ತಾರೆ. ಪಾಂಡವರ ಪಗಡೆಯಾಟದ ಕಥೆ ನಮ್ಮ ನಾಡಿನಲ್ಲಿ ಕೇಳದವರಿಲ್ಲ. ರಾಜ್ಯ ಹೋಯಿತು, ತಮ್ಮಂದಿರು ಹೋದರು, ಕೊನೆಗೆ ಮಡದಿಯೇ ಪಣವಾದಳು. ಆಟ ಆಡಿದವರು ಗಂಡಸರು, ಸಭೆಗೆ ಎಳೆಯಲ್ಪಟ್ಟವಳು ಹೆಣ್ಣು. ಇಂದಿಗೂ ಜೂಜು ಹೊಕ್ಕ ಮನೆಯಲ್ಲಿ ಮೊದಲು ಅಡವಿಗೆ ಹೋಗುವುದು ಯಾರ ಬಳೆ, ಯಾರ ಸರ? ನಾನು ಹೇಳಬೇಕಾಗಿಲ್ಲ.

ಮೊಬೈಲಿನ ಮಣೆ

ಒಬ್ಬ ತಾಯಿ ಒಮ್ಮೆ ನನ್ನಲ್ಲಿ ಹೇಳಿದ ಮಾತಿದು. "ಟೀಚರ್, ಮಗ ರಾತ್ರಿ ಕೋಣೆಯಲ್ಲೇ ಇರುತ್ತಿದ್ದ. ಹೊರಗೆ ಕೆಟ್ಟ ಸಹವಾಸವಿಲ್ಲವಲ್ಲ, ಮನೆಯಲ್ಲೇ ಗೇಮ್ ಆಡಿಕೊಂಡಿದ್ದಾನೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಕಾಲೇಜು ಫೀಸಿಗೆಂದು ಬೀಡಿ ಕಟ್ಟಿ ಕೂಡಿಟ್ಟ ಹಣ ಖಾತೆಯಲ್ಲಿಲ್ಲ ಎಂದು ತಿಳಿದ ದಿನವೇ ನನಗೆ ಗೊತ್ತಾದದ್ದು." ಆಕೆ ಮಗನ ಮೊಬೈಲ್ ನೋಡಿರಲಿಲ್ಲ ಎಂದಲ್ಲ. ಎಷ್ಟೋ ಸಲ ನೋಡಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಇಸ್ಪೀಟು ಎಲೆಗಳಿದ್ದವು, ಇಂಗ್ಲಿಷ್ ಅಕ್ಷರಗಳಿದ್ದವು. ಆ ಅಕ್ಷರಗಳು ಏನು ಹೇಳುತ್ತಿವೆ ಎಂದು ಮಾತ್ರ ತಿಳಿದಿರಲಿಲ್ಲ.

ಜೂಜಿನ ಹಳೆಯ ಪದಗಳನ್ನು ಮೊಬೈಲಿನವರು ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ ತಂದಿದ್ದಾರೆ. 'ಎಂಟ್ರಿ ಫೀ' ಎಂದರೆ ಪ್ರವೇಶ ಶುಲ್ಕ ಎಂದು ತಿಳಿಯುತ್ತೇವೆ. ಅದು ಪಣ, ಅಂದರೆ ಸ್ಟೇಕ್. 'ಪ್ರೈಜ್ ಪೂಲ್' ಎಂದರೆ ಬಹುಮಾನ ಎನಿಸುತ್ತದೆ. ಅದು ಮಡಕೆ, ಅಂದರೆ ಪಾಟ್. 'ಡಿಪಾಸಿಟ್' ಎಂದರೆ ಬ್ಯಾಂಕಿನ ಠೇವಣಿಯಂತೆ ಕೇಳಿಸುತ್ತದೆ. ಇಲ್ಲಿ ಅದು ಜೂಜಿನ ಕಟ್ಟೆಗೆ ಹಣ ತಂದು ಸುರಿಯುವುದು. 'ಬೋನಸ್' ಎಂದರೆ ಹೊಸಬರನ್ನು ಕೂರಿಸಲು ಮೊದಲು ಕೊಡುವ ರುಚಿ. 'ವ್ಯಾಲೆಟ್' ಎಂಬುದರಲ್ಲಿರುವುದು ನಾವು ಮೇಲೆ ಹೇಳಿದ ಮೊನೊಪೊಲಿ ಮನಿ. ನೋಟು ಎಣಿಸಿ ಕೊಡುವಾಗ ಕೈ ನಡುಗುತ್ತದೆ, ಪರದೆಯ ಅಂಕಿ ಕಡಿಮೆಯಾದರೆ ನಡುಗುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಮಂದಿ ತಲಾ 100 ರೂಪಾಯಿ ಹಾಕಿದರು ಎಂದಿಟ್ಟುಕೊಳ್ಳಿ. ಮಡಕೆಯಲ್ಲಿ 1000 ರೂಪಾಯಿ. ಆಟ ನಡೆಸುವವನು 100 ತೆಗೆದಿಟ್ಟುಕೊಂಡ. ಗೆದ್ದವನಿಗೆ 900, ಉಳಿದ ಒಂಬತ್ತು ಮಂದಿಗೆ ಸೊನ್ನೆ. ಅದೇ ಹತ್ತು ಮಂದಿ ಹತ್ತು ಸಲ ಆಡಿ, ಸರದಿಯಂತೆ ಒಬ್ಬೊಬ್ಬರೂ ಒಮ್ಮೆ ಗೆದ್ದರು ಎನ್ನಿ. ಆಗಲೂ ಪ್ರತಿಯೊಬ್ಬರೂ ಹಾಕಿದ್ದು 1000, ಪಡೆದದ್ದು 900. ನಡೆಸುವವನ ಕೈಗೆ ಬಂದದ್ದು 1000. ಇದರಲ್ಲಿ ಸೋಲದವನು ಒಬ್ಬನೇ, ಆಡದವನು.

ಇಂತಹ ಆಟಗಳ ವಿರುದ್ಧ ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಅದು ಒಪ್ಪುವುದಿಲ್ಲ. ಅಂತಹ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವನ್ನು ಅದರಲ್ಲಿ ಹೇಳಲಾಗಿದೆ. ಆದರೆ ಕಾನೂನು ಬಾಗಿಲು ಮುಚ್ಚಿದರೆ ಕಿಟಕಿ ಹುಡುಕುವವರು ಇದ್ದೇ ಇರುತ್ತಾರೆ. ವಾಟ್ಸ್‌ಆಪಿನಲ್ಲಿ ಬರುವ ಒಂದು ಲಿಂಕ್ ಸಾಕು. ಆದ್ದರಿಂದ ಮನೆಯೊಳಗಿನ ಕಾವಲು ಮನೆಯವರದ್ದೇ.

ಮನೆಯಲ್ಲಿ ಏನು ಮಾಡಬಹುದು?

ಮೊಬೈಲ್ ಕಸಿದುಕೊಂಡು ಬೈದರೆ ಮಗ ಬೇರೆ ಕಡೆ ಆಡುತ್ತಾನೆ. ಅದಕ್ಕಿಂತ ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿ. ಈ ಆಟಕ್ಕೆ ಹಣ ಹಾಕಬೇಕೇ? ಗೆದ್ದರೆ ಹಣ ಬರುತ್ತದೆಯೇ? ಆ ಹಣ ಎಲ್ಲಿಂದ ಬರುತ್ತದೆ, ಯಾರದು? ಮೂರನೆಯ ಪ್ರಶ್ನೆಗೆ ಸೋತವರದ್ದು ಎಂಬ ಉತ್ತರ ಬಂದರೆ ಅದು ಆಟವಲ್ಲ, ಮೈಸಿರ್. ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಮಗಳಿಂದಲೋ ಮಗನಿಂದಲೋ ಓದಿಸಿ, ಅರ್ಥ ಕೇಳಿ. ಗೊತ್ತಿಲ್ಲ ಎಂದು ಕೇಳುವುದರಲ್ಲಿ ತಾಯಿಗೆ ಸಣ್ಣತನವೇನೂ ಇಲ್ಲ.

ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಅಳಿಸುವ ಮುನ್ನ ನೋಡಿ. 50, 100 ರೂಪಾಯಿಗಳು ಪದೇಪದೇ ಹೋಗುತ್ತಿದ್ದರೆ ವಿಚಾರಿಸಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಗಾಗಿ ಇರುವ ಸರಕಾರಿ ಸಹಾಯವಾಣಿ. ಬಿಡಬೇಕೆಂದರೂ ಬಿಡಲಾಗದ ಚಟವಾಗಿದ್ದರೆ ಅದನ್ನು ಮರ್ಯಾದೆಯ ಪ್ರಶ್ನೆ ಮಾಡಿ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆಂದೇ 'ಶಟ್' ಎಂಬ ಕ್ಲಿನಿಕ್ 2014ರಲ್ಲಿ ಆರಂಭವಾಗಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳಿಗೆ ಆಟ ಬೇಡ ಎನ್ನಬೇಡಿ, ಒಳ್ಳೆಯ ಆಟ ಕೊಡಿ. ಅಟ್ಟದಲ್ಲಿರುವ ಚೆನ್ನೆಮಣೆಯನ್ನು ಇಳಿಸಿ ಒರೆಸಿ. ಅದರಲ್ಲಿ ದಾಳವಿಲ್ಲ, ಲೆಕ್ಕವಿದೆ. ಇಂಗ್ಲಿಷ್ ಕಲಿಯುವ ಮಕ್ಕಳಿಗೆ 'ಸ್ಕ್ರಾಬಲ್' ಒಳ್ಳೆಯದು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬವರು 1930ರ ದಶಕದಲ್ಲಿ, ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಇದನ್ನು ರೂಪಿಸಿದರು. ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ. ಕೊಳ್ಳಲಾಗದಿದ್ದರೆ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಅಕ್ಷರ ಬರೆದುಕೊಂಡರೂ ಸಾಕು. ಇಶಾ ನಮಾಝಿನ ನಂತರ ಅರ್ಧ ಗಂಟೆ ತಾಯಿ ಮಕ್ಕಳು ಸೇರಿ ಆಡಿ. ಸೋತವರು ಮರುದಿನದ ಪಾತ್ರೆ ತೊಳೆಯಲಿ ಎಂದು ಪಣ ಹಾಕುವ ಅಗತ್ಯವೂ ಇಲ್ಲ, ಎಲ್ಲರೂ ಸೇರಿ ತೊಳೆಯಿರಿ.

ಮುಂದಿನ ತಿಂಗಳು ಇನ್‌ಶಾ ಅಲ್ಲಾಹ್ ನಮ್ಮ ಅಡುಗೆಮನೆಯ ಕಪಾಟಿಗೆ ಹೋಗೋಣ. ಶುಗರ್, ಕಾಫಿ, ಲೆಮನ್, ಸಿರಪ್, ಜಾರ್ ಈ ಐದು ಪದಗಳಿಗೂ ಅರಬಿಗೂ ಏನು ಸಂಬಂಧ? ಅಷ್ಟರಲ್ಲಿ ನೀವೇ ಯೋಚಿಸಿ, ಮಕ್ಕಳನ್ನೂ ಕೇಳಿ, ಉತ್ತರ ಬರೆದು ಕಳುಹಿಸಿ.